ವೃದ್ಧಾಶ್ರಮದ ಕವನ ಸಾಕು, ಇನ್ನು ಸಾಬೂನಿನ ಮಾತಾಡೋಣ

ಕನ್ನಡದಲ್ಲಿ ಬ್ಲಾಗು ಬರೆಯೋರಲ್ಲಿ ವೃದ್ಧಾಶ್ರಮದ ಮೇಲೆ ಒಂದು ಕವನ ಬರೆಯದವರು ಯಾರಾದ್ರೂ ಇದ್ದೀರಾ? ಕೈ ಎತ್ತಿ ನೋಡೋಣ. ನಾನಂತೂ ಎತ್ತೋ ಹಾಗಿಲ್ಲ. ನಾನೂ ಬರೆದಿದ್ದೀನಿ. ಸಂಜೆಗೆಂಪು, ಕಿಟಕಿ ಪಕ್ಕದ ಬೆತ್ತದ ಕುರ್ಚಿ, ಅಮೆರಿಕದಲ್ಲಿರೋ ಮಗ, ಬಾರದ ಫೋನು... ಎಲ್ಲಾ ಸಾಮಾನೂ ಇತ್ತು ಅದರಲ್ಲಿ. ಓದಿದವರು 'ಕಣ್ಣು ತುಂಬಿ ಬಂತು' ಅಂದ್ರು. ನನಗೂ ಖುಷಿಯಾಯ್ತು.

ಈಗ ಆ ಕವನ ಓದಿದ್ರೆ ನಾಚಿಕೆಯಾಗುತ್ತೆ. ಕವನ ಕೆಟ್ಟದಾಗಿದೆ ಅಂತಲ್ಲ (ಕೆಟ್ಟದಾಗೇ ಇದೆ, ಅದು ಬೇರೆ ಮಾತು :-)). ಆ ಕವನದ ಮುದುಕನಿಗೆ ಮೂತ್ರದ ಚೀಲ ಇರಲಿಲ್ಲ. ಬೆನ್ನಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ. ಅವನ ಡೈಪರ್ ಬದಲಿಸಿದ ಹುಡುಗಿ ಮುಂದಿನ ಮಂಚಕ್ಕೆ ಹೋಗೋ ಮುಂಚೆ ಕೈ ತೊಳೆದಳೋ ಇಲ್ವೋ ಅನ್ನೋ ಪ್ರಶ್ನೆ ಅದರಲ್ಲಿ ಎಲ್ಲೂ ಬರೋದಿಲ್ಲ. ಅವನಿಗೆ ಇದ್ದದ್ದು ಒಂಟಿತನ ಒಂದೇ. ಒಂಟಿತನ ದೊಡ್ಡ ನೋವು, ಒಪ್ತೀನಿ. ಆದ್ರೆ ನಮ್ಮಜ್ಜನನ್ನ ಸಾವಿನ ಬಾಗಿಲ ತನಕ ಒಯ್ದದ್ದು ಕ್ಲೆಬ್ಸಿಯೆಲ್ಲಾ ಅನ್ನೋ ಒಂದು ಬ್ಯಾಕ್ಟೀರಿಯಾ. ಅದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ನಾನೂ ಒಬ್ಬ.

ಅಜ್ಜನಿಗೆ ಎಂಬತ್ನಾಲ್ಕು. ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಊರಲ್ಲಿ ನೋಡ್ಕೊಳ್ಳೋದು ಆಗಲಿಲ್ಲ. ಸಾಗರದ ಹತ್ತಿರದ ನಮ್ಮೂರಲ್ಲಿ ಮನೆಯಿಂದ ಡಾಂಬರು ರಸ್ತೆಗೆ ಬರೋಕೇ ತೋಟ ದಾಟಬೇಕು. ಅಮ್ಮನಿಗೆ ಸೊಂಟನೋವು, ಅಪ್ಪನಿಗೆ ಎತ್ತಿ ಕೂರಿಸೋ ಶಕ್ತಿ ಇಲ್ಲ. ಕೊನೆಗೆ ಬೆಂಗಳೂರಿನ ಹೊರವಲಯದಲ್ಲಿ, ಹಾಸಿಗೆ ಹಿಡಿದವರನ್ನೂ ನೋಡ್ಕೊಳ್ಳೋ ಒಂದು ಕಡೆ ಸೇರಿಸಿದ್ವಿ. ಹುಡುಕಿದ್ದು ನಾನೇ. ವೆಬ್‌ಸೈಟು ಚೆನ್ನಾಗಿತ್ತು, ತೋಟ ಚೆನ್ನಾಗಿತ್ತು, ಬೆಳಿಗ್ಗೆ ಭಜನೆ, ಸಸ್ಯಾಹಾರಿ ಊಟ, ವೀಡಿಯೋ ಕಾಲಿಗೆ ವೈಫೈ. ಎಲ್ಲಾ ಟಿಕ್ ಹಾಕಿದೆ. ಕೈ ತೊಳೆಯೋ ಸಿಂಕು ಎಷ್ಟಿದೆ ಅಂತ ಕೇಳಬೇಕು ಅಂತ ತಲೆಗೇ ಹೊಳೀಲಿಲ್ಲ. ಆಫೀಸಲ್ಲಿ ಒಂದು ಸಣ್ಣ ಲೈಬ್ರರಿ ಸೇರಿಸ್ಬೇಕಾದ್ರೆ ಮೂರು ದಿನ ಅದರ ಹುಳುಕು ಹುಡುಕೋ ನಾನು, ಅಜ್ಜನನ್ನ ಒಂದೂವರೆ ಗಂಟೆಯಲ್ಲಿ ಸೇರಿಸಿ ಬಂದೆ.

ಆಸ್ಪತ್ರೆಯಿಂದ ಬರೋವಾಗಲೇ ಅಜ್ಜನಿಗೆ ಮೂತ್ರದ ಕ್ಯಾಥೆಟರ್ ಹಾಕಿದ್ರು. ಅದು ಯಾಕಿದೆ, ಯಾವಾಗ ತೆಗೀಬೇಕು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರಲಿಲ್ಲ. ನಾವೂ ಕೇಳಲಿಲ್ಲ. ಅದು ಅಲ್ಲೇ ಉಳೀತು. ಒಂದು ಭಾನುವಾರ ಚೀಲದಲ್ಲಿ ಮೂತ್ರ ಕದಡಿದ ಹಾಗೆ ಕಾಣಿಸ್ತು. ಅಜ್ಜ ಎಂದಿನಂತೆ ಇದ್ದ, ಜ್ವರ ಇಲ್ಲ, ಗಂಜಿ ಕುಡಿದಿದ್ದ. ಆದ್ರೂ ನಾನು ಡಾಕ್ಟರಿಗೆ ಫೋನು ಹಚ್ಚಿ "ಡಾಕ್ಟ್ರೇ, ಯೂರಿನ್ ಸರಿ ಇಲ್ಲ, ಒಂದು ಸ್ಟ್ರಾಂಗ್ ಆಂಟಿಬಯಾಟಿಕ್ ಕೊಟ್ಬಿಡಿ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಕೊಟ್ರು. ಎರಡು ತಿಂಗಳಿಗೆ ಮತ್ತೆ ಹಾಗೇ ಆಯ್ತು, ಮತ್ತೆ ಫೋನು, ಮತ್ತೆ ಮಾತ್ರೆ. ಮೂರನೇ ಸಲ ನಿಜವಾಗಿ ಜ್ವರ ಬಂತು. ಮೈ ನಡುಗಿ, ಬಿಪಿ ಬಿದ್ದು, ಮಾತು ತಡವರಿಸಿ, ರಾತ್ರಿ ಎರಡು ಗಂಟೆಗೆ ಆಂಬುಲೆನ್ಸು.

ಮೂರನೇ ದಿನ ಕಲ್ಚರ್ ರಿಪೋರ್ಟು ಬಂತು. ಎಡಗಡೆ ಔಷಧಿಗಳ ಹೆಸರು, ಬಲಗಡೆ ಒಂದೊಂದು ಅಕ್ಷರ. 'ಎಸ್' ಅಂದ್ರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತೆ, 'ಆರ್' ಅಂದ್ರೆ ಬಗ್ಗಲ್ಲ. ಮೇಲಿಂದ ಕೆಳಗೆ ಆರ್, ಆರ್, ಆರ್, ಆರ್. ಮೆರೋಪೆನೆಂ ಎದುರೂ ಆರ್. ದಿನಾ ಲಾಗ್ ಫೈಲು ನೋಡೋ ಕಣ್ಣು ನಂದು, ಒಂದಾದ್ರೂ ಬೇರೆ ಅಕ್ಷರ ಸಿಗುತ್ತಾ ಅಂತ ಹುಡುಕ್ತಾ ಹೋದೆ. ಕೊನೇ ಸಾಲಲ್ಲಿ ಕೊಲಿಸ್ಟಿನ್ ಎದುರು 'ಐ' ಇತ್ತು, ಅಂದ್ರೆ ಮಧ್ಯಮ. 1950ರ ದಶಕದ ಔಷಧಿ ಅದು. ಕಿಡ್ನಿ ಹಾಳುಮಾಡುತ್ತೆ ಅಂತ 1970ರ ದಶಕದಲ್ಲಿ ಮೂಲೆಗೆ ಇಟ್ಟಿದ್ದನ್ನ ಬೇರೆ ಗತಿಯಿಲ್ಲದೆ ಮತ್ತೆ ಎತ್ಕೊಂಡಿದ್ದಾರೆ. ಅಮೆರಿಕದ ಮಾನದಂಡ ಅನುಸರಿಸೋ ಲ್ಯಾಬುಗಳು ಅದಕ್ಕೆ 'ಎಸ್' ಕೊಡೋದನ್ನೇ 2020ರಿಂದ ಬಿಟ್ಟಿವೆ. ಅಷ್ಟರ ಮಟ್ಟಿಗೆ ಅದರ ಮೇಲೆ ನಂಬಿಕೆ.

ಅಜ್ಜ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ. ಆದ್ರೆ ಹೋಗೋವಾಗ ಬಲಗೈಯಲ್ಲಿ ತಾನೇ ಊಟ ಮಾಡ್ತಿದ್ದ, ಬಂದ ಮೇಲೆ ಅದೂ ಇಲ್ಲ. ಇನ್ನೊಂದು ವಿಷಯ ಕೇಳಿ. ಆ ಆಶ್ರಮದವರು ಅವನನ್ನ ವಾಪಸ್ ತಗೊಳ್ಳೋಕೆ ಒಪ್ಪಲಿಲ್ಲ. "ಇಂಥಾ ಇನ್ಫೆಕ್ಷನ್ ಇರೋರನ್ನ ನಾವು ಇಟ್ಕೊಳ್ಳಲ್ಲ ಸಾರ್, ಬೇರೆಯವರಿಗೂ ಬರುತ್ತೆ" ಅಂದ್ರು. ಅದು ಅಲ್ಲೇ ಬಂದಿರಬಹುದು ಅನ್ನೋ ಯೋಚನೆ ಅವರಿಗೆ ಬಂದ ಹಾಗೆ ಕಾಣಲಿಲ್ಲ.

ಇದು ನನ್ನೊಬ್ಬನ ಗೋಳಾಗಿದ್ರೆ ಇಲ್ಲಿ ಬರೀತಾ ಇರ್ಲಿಲ್ಲ. ಐಸಿಎಂಆರ್ ದೇಶದ ದೊಡ್ಡ ಆಸ್ಪತ್ರೆಗಳಿಂದ ಕಲೆಹಾಕಿದ ಲೆಕ್ಕ ನೋಡಿ: 2016ರಲ್ಲಿ ಇಮಿಪೆನೆಂ ಔಷಧಿಗೆ ಬಗ್ಗುತ್ತಿದ್ದ ಕ್ಲೆಬ್ಸಿಯೆಲ್ಲಾ ನೂರಕ್ಕೆ 65, 2021ರಲ್ಲಿ 43. ಐದೇ ವರ್ಷದಲ್ಲಿ. 2019ರಲ್ಲಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಸತ್ತರು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಅಂದಾಜು ಬಂತು. ಅದೇ ಗುಂಪಿನವರು 2024ರಲ್ಲಿ ಹೇಳಿದ್ದು: 1990ರಿಂದ 2021ರ ನಡುವೆ ಇಂಥ ಸಾವು ಚಿಕ್ಕಮಕ್ಕಳಲ್ಲಿ ಕಡಿಮೆಯಾಗಿದೆ, ಎಪ್ಪತ್ತು ದಾಟಿದವರಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಏರಿದೆ. ಅಂದ್ರೆ ಇದು ಮುದುಕರ ಮೇಲೆ ನಡೀತಿರೋ ದಾಳಿ. ಮುದುಕರು ಒಟ್ಟಾಗಿ ಇರೋ ಜಾಗದಲ್ಲಿ ಅದನ್ನ ತಡೀದೆ ಇನ್ನೆಲ್ಲಿ ತಡೀತೀರಿ?

ನಾವು ಮಾತ್ರ ಹೆಸರಿಗೆ ಜಗಳ ಆಡೋದರಲ್ಲಿ ಗಟ್ಟಿಗರು. 2008ರಲ್ಲಿ ಸ್ವೀಡನ್ನಿನಲ್ಲಿ ಭಾರತ ಮೂಲದ ಒಬ್ಬ ರೋಗಿಯ ಮೂತ್ರದಲ್ಲಿ ಒಂದು ಕ್ಲೆಬ್ಸಿಯೆಲ್ಲಾ ಸಿಕ್ತು. ಅವರು ಅದಕ್ಕೆ ಮುಂಚೆ ದೆಹಲಿಯ ಆಸ್ಪತ್ರೆಯಲ್ಲಿದ್ದವರು. ಅದರ ಹೊಸ ಜೀನಿಗೆ ಎನ್‌ಡಿಎಂ-1 ಅಂತ, ನ್ಯೂ ಡೆಲ್ಲಿ ಹೆಸರು ಸೇರಿಸಿ ಇಟ್ರು. 2010ರಲ್ಲಿ ಸುದ್ದಿ ದೊಡ್ಡದಾದಾಗ ನಮ್ಮಲ್ಲಿ ಎಂಥಾ ರಂಪ! ದೇಶದ ಮಾನ ಹೋಯ್ತು, ಮೆಡಿಕಲ್ ಟೂರಿಸಂ ವಿರುದ್ಧ ಪಿತೂರಿ ಅಂತ. ಊರಿನ ಹೆಸರು ಇಟ್ಟದ್ದು ತಪ್ಪೇ ಇರಲಿ. ಆದ್ರೆ ಆ ಸಿಟ್ಟಿನ ಕಾಲು ಭಾಗ ನಲ್ಲಿ, ಸಾಬೂನು, ಚರಂಡಿಯ ಕಡೆ ತಿರುಗಿದ್ದಿದ್ರೆ?

ಸರಿ, ಈ ಬ್ಯಾಕ್ಟೀರಿಯಾ ಹೇಗೆ ಓಡಾಡುತ್ತೆ ಅಂತ ತಿಳ್ಕೊಳ್ಳೋಣ. ನಾನು ಕಲಿತದ್ದು ಇಂಜಿನಿಯರಿಂಗು, ಡಾಕ್ಟರಿಕೆ ಅಲ್ಲ. ಆದ್ರೆ ಹದಿನೇಳು ದಿನ ಆಸ್ಪತ್ರೆ ಕಾರಿಡಾರಿನಲ್ಲಿ ಕೂತವನಿಗೆ ಓದೋಕೆ ಸಮಯ ಸಿಗುತ್ತೆ. ಮೊದಲನೇ ಪಾಠ: ಬ್ಯಾಕ್ಟೀರಿಯಾ ಇರೋದು ಬೇರೆ, ಕಾಯಿಲೆ ಇರೋದು ಬೇರೆ. ಚರ್ಮದ ಮೇಲೆ, ಮೂಗಿನೊಳಗೆ, ಕರುಳಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಸುಮ್ಮನೆ ಕೂತಿರಬಹುದು. ಹೊತ್ತವರಿಗೆ ಏನೂ ಆಗಿರೋದಿಲ್ಲ. ಕ್ಯಾಥೆಟರ್, ಊಟದ ನಳಿಕೆ, ಹಾಸಿಗೆ ಹುಣ್ಣು, ಹೀಗೆ ಒಂದು ಬಾಗಿಲು ಸಿಕ್ಕಾಗ ಒಳಗೆ ನುಗ್ಗುತ್ತೆ. ಎರಡನೇ ಪಾಠ: ಕ್ಲೆಬ್ಸಿಯೆಲ್ಲಾದಂಥವು ತಮ್ಮ ಔಷಧಿ ತಡೆಯೋ ಜೀನನ್ನ ಪ್ಲಾಸ್ಮಿಡ್ ಅನ್ನೋ ಸಣ್ಣ ಉಂಗುರದಲ್ಲಿ ಇಟ್ಕೊಂಡು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ದಾಟಿಸ್ತವೆ, ನಾವು ಪೆನ್‌ಡ್ರೈವಲ್ಲಿ ಸಿನಿಮಾ ಹಂಚ್ತಿದ್ದ ಹಾಗೆ. ಮೂರನೇ ಪಾಠ: ಪ್ರತಿ ಸಲ ಆಂಟಿಬಯಾಟಿಕ್ ನುಂಗಿದಾಗ ಬಗ್ಗುವವು ಸಾಯ್ತವೆ, ಬಗ್ಗದವು ಉಳ್ಕೊಂಡು ಆ ಖಾಲಿ ಜಾಗದಲ್ಲಿ ಸಂಸಾರ ಹೂಡ್ತವೆ. ನಾನು ಅಜ್ಜನಿಗೆ ಕೊಡಿಸಿದ ಎರಡು ಕೋರ್ಸು ಅಜ್ಜನ ಹೊಟ್ಟೆಯಲ್ಲಿ ಮಾಡಿದ್ದು ಇದೇ ಕೆಲಸ.

ನಾಲ್ಕನೇ ಪಾಠ ನಾನು ಕಣ್ಣಾರೆ ಕಂಡದ್ದು. ಆ ಆಶ್ರಮದಲ್ಲಿ ಮೂತ್ರದ ಚೀಲ ಖಾಲಿ ಮಾಡೋಕೆ ಒಂದು ನೀಲಿ ಪ್ಲಾಸ್ಟಿಕ್ ಮಗ್ ಇತ್ತು. ಒಂದೇ ಮಗ್. ಒಬ್ಬರ ಚೀಲ ಅದಕ್ಕೆ ಬಗ್ಗಿಸಿ, ಬಚ್ಚಲಿಗೆ ಚೆಲ್ಲಿ, ಅದೇ ಮಗ್ ಪಕ್ಕದವರ ಚೀಲದ ತುದಿಗೆ. ಅದೇ ಗ್ಲೌಸು. ಎಷ್ಟೋ ಸಲ ನನ್ನೆದುರೇ ನಡೆದಿದೆ. ಆಗ ನನಗೆ ಅನ್ನಿಸಿದ್ದು 'ಪಾಪ, ಎಷ್ಟು ಕೆಲಸ ಮಾಡ್ತಾರೆ' ಅಂತ ಮಾತ್ರ!

ಈಗ ಆ ಕೆಲಸದವರನ್ನ ಬೈಯೋಣ ಅಂತ ಹೊರಟವರು ಸ್ವಲ್ಪ ನಿಲ್ಲಿ. ಅಜ್ಜನನ್ನ ನೋಡ್ಕೊಳ್ತಿದ್ದ ರಾಯಚೂರು ಕಡೆಯ ಹುಡುಗಿಯನ್ನ ಆಮೇಲೊಮ್ಮೆ ಕೇಳಿದೆ, ಕೈ ಯಾಕೆ ತೊಳ್ಕೊಳ್ಳಲ್ಲ ಅಂತ. ಅವಳು ಮುಚ್ಚುಮರೆ ಮಾಡಲಿಲ್ಲ. "ಅಣ್ಣಾ, ಸಿಂಕ್ ಆ ತುದೀಗೈತ್ರಿ. ರಾತ್ರಿ ನಾವು ಇಬ್ರ ಇರ್ತೀವಿ, ಹದಿನೆಂಟು ಮಂದಿ ಅದಾರ. ಪ್ರತಿ ಸಲ ಅಷ್ಟು ದೂರ ಹೋಗಿ ಬಂದ್ರ ಬೆಳಗಾಗೋದ್ರಾಗ ಅರ್ಧ ಮಂದೀದೂ ಮುಗಿಯಂಗಿಲ್ರಿ. ಸ್ಯಾನಿಟೈಸರ್ ಬಾಟ್ಲಿ ಖಾಲಿ ಆಗಿ ತಿಂಗಳಾತು."

ಮನೆಗೆ ಬಂದು ಲೆಕ್ಕ ಹಾಕಿದೆ. ಹದಿನೆಂಟು ಜನ, ರಾತ್ರಿಗೆ ನಾಲ್ಕು ಸಲ ಮುಟ್ಟಿದ್ರೆ 72 ಸಲ. ಸಿಂಕಿಗೆ ಹೋಗಿ ಸಾಬೂನು ಹಾಕಿ ತೊಳೆದು ಬರೋಕೆ ಎರಡು ನಿಮಿಷ ಹಿಡೀರಿ, 144 ನಿಮಿಷ. ಇಬ್ಬರಿಗೆ ಹಂಚಿದ್ರೆ ತಲಾ 72 ನಿಮಿಷ ಬರೀ ಓಡಾಟ. ಅದೇ ಪ್ರತಿ ಮಂಚದ ಕಾಲಿಗೊಂದು ಆಲ್ಕೊಹಾಲ್ ಹ್ಯಾಂಡ್‌ರಬ್ ಬಾಟ್ಲಿ ಕಟ್ಟಿದ್ರೆ? ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಅದನ್ನ ಉಜ್ಜೋಕೆ ಬೇಕಾದ್ದು 20ರಿಂದ 30 ಸೆಕೆಂಡು. ಮೂವತ್ತೇ ಹಿಡಿದ್ರೂ ಒಟ್ಟು 36 ನಿಮಿಷ, ತಲಾ 18. ಮಲ, ಮೂತ್ರ ಕೈಗೆ ತಗುಲಿದಾಗ ಸಾಬೂನು, ನೀರು ಬೇಕೇ ಬೇಕು, ಅದಕ್ಕೆ ಸಿಂಕಿಗೇ ಹೋಗಬೇಕು. ಗ್ಲೌಸು ಹಾಕಿದ್ರೆ ಕೈ ತೊಳೆಯೋದು ಬೇಡ ಅನ್ನೋದೂ ಸುಳ್ಳು, ಗ್ಲೌಸು ತೆಗೆದ ಮೇಲೂ ತೊಳೀಬೇಕು. ಆದ್ರೂ ಆ ಹುಡುಗಿಯ ತಾಸುಗಟ್ಟಲೆ ಕಷ್ಟ ಹದಿನೆಂಟು ಬಾಟ್ಲಿಗೆ ಮುಗೀತಿತ್ತು. ಕೋವಿಡ್ ಕಾಲದಲ್ಲಿ ಬಾಗಿಲಲ್ಲಿ ನಿಲ್ಲಿಸಿದ್ದ, ಕಾಲಲ್ಲಿ ಒತ್ತೋ ಸ್ಯಾನಿಟೈಸರ್ ಸ್ಟ್ಯಾಂಡು ಅಲ್ಲಿ ಇನ್ನೂ ಇತ್ತು. ಅದರ ಮೇಲೆ ಮನಿಪ್ಲಾಂಟ್ ಕುಂಡ ಇಟ್ಟಿದ್ರು.

'ಇದೆಲ್ಲ ಹೇಳೋಕೆ ಚೆಂದ, ಸೂಪರ್‌ಬಗ್ ಸಾಬೂನಿಗೆ ಸಾಯುತ್ತಾ?' ಅಂತ ಕೇಳೋರು ಇದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಕ್ಯಾಲಿಫೋರ್ನಿಯಾದಲ್ಲಿದೆ.

ಒಂದು ಪದ ಮೊದಲು ಬಿಡಿಸಿಕೊಳ್ಳೋಣ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಹೆರಿಗೆ, ಅಪೆಂಡಿಕ್ಸ್ ಮಾಡೋ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಅದರ ಅರ್ಥ ಬಹುಕಾಲ ಆರೈಕೆ ಬೇಕಾದ ವಯಸ್ಸಾದವರು, ಅಶಕ್ತರು ಇರೋ ಮನೆ. ಕ್ಯಾಲಿಫೋರ್ನಿಯಾದ ಇಂಥ 28 ಮನೆಗಳಲ್ಲಿ ಲೊರೆನ್ ಮಿಲ್ಲರ್, ಸೂಸನ್ ಹುವಾಂಗ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದ್ರು. ಫಲಿತಾಂಶ 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಅರ್ಧ ಮನೆಗಳಲ್ಲಿ ಎಂದಿನ ಸ್ನಾನ. ಉಳಿದರ್ಧದಲ್ಲಿ ಅದೇ ಸ್ನಾನ, ಆದ್ರೆ ಸಾಬೂನಿನ ಬದಲು ಕ್ಲೋರ್‌ಹೆಕ್ಸಿಡಿನ್. ಜೊತೆಗೆ ವಾರ ಬಿಟ್ಟು ವಾರ ಐದು ದಿನ, ದಿನಕ್ಕೆರಡು ಸಲ ಮೂಗಿಗೆ ಪೊವಿಡೋನ್ ಅಯೋಡಿನ್, ಅಂದ್ರೆ ನಾವು ಗಾಯಕ್ಕೆ ಹಚ್ಚೋ ಬೆಟಾಡೀನ್ ಜಾತಿಯದ್ದು. ಕಾಯಿಲೆ ಇರಲಿ ಬಿಡಲಿ, ಮನೆಯಲ್ಲಿರೋ ಎಲ್ಲರಿಗೂ.

ಹದಿನೆಂಟು ತಿಂಗಳು ನಡೀತು. ಆಸ್ಪತ್ರೆಗೆ ಸಾಗಿಸಿದವರಲ್ಲಿ ಸೋಂಕಿನ ಕಾರಣಕ್ಕೆ ಹೋದವರು ಎಷ್ಟು ಅಂತ ನೋಡಿದ್ರು. ಎಂದಿನ ಸ್ನಾನದ ಮನೆಗಳಲ್ಲಿ ಶೇಕಡಾ 62.2 ಇದ್ದದ್ದು 62.6. ಏನೂ ಬದಲಾಗಲಿಲ್ಲ. ಇನ್ನೊಂದು ಗುಂಪಿನಲ್ಲಿ 62.9 ಇದ್ದದ್ದು 52.2. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಹೇಗೂ ಮಾಡಿಸ್ತಿದ್ದ ಸ್ನಾನ, ಹೇಗೂ ಮಾಡಿಸ್ತಿದ್ದ ಅದೇ ಜನ.

ಇದಕ್ಕೂ ದೊಡ್ಡ ಕೆಲಸ ಅದೇ ರಾಜ್ಯದ ಆರೆಂಜ್ ಕೌಂಟಿಯಲ್ಲಿ 2017ರಿಂದ 2019ರ ತನಕ ನಡೀತು. ಅಲ್ಲಿ ಅವರು ಯೋಚಿಸಿದ ರೀತಿ ನಮ್ಮಂಥ ನೆಟ್‌ವರ್ಕಿನವರಿಗೆ ಕೂಡಲೇ ಅರ್ಥವಾಗುತ್ತೆ. ರೋಗಿ ಆಸ್ಪತ್ರೆಯಿಂದ ಆರೈಕೆ ಮನೆಗೆ, ಅಲ್ಲಿಂದ ಮತ್ತೆ ಆಸ್ಪತ್ರೆಗೆ ಓಡಾಡ್ತಾನೆ, ಬ್ಯಾಕ್ಟೀರಿಯಾನೂ ಜೊತೆಗೇ ಓಡಾಡುತ್ತೆ. ಒಂದೇ ನೋಡ್ ಸ್ವಚ್ಛ ಮಾಡಿ ಏನು ಬಂತು? ಅದಕ್ಕೇ ಒಬ್ಬರ ರೋಗಿಗಳನ್ನ ಇನ್ನೊಬ್ಬರು ಹೆಚ್ಚು ಹಂಚಿಕೊಳ್ಳೋ 35 ಸಂಸ್ಥೆಗಳನ್ನ ಒಟ್ಟಿಗೆ ಹಿಡಿದ್ರು. 16 ಆಸ್ಪತ್ರೆ, 16 ಆರೈಕೆ ಮನೆ, 3 ದೀರ್ಘಕಾಲದ ಆಸ್ಪತ್ರೆ. ಆರೈಕೆ ಮನೆಗಳಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹೊತ್ತವರು ಶೇಕಡಾ 63.9 ಇದ್ದದ್ದು 49.9ಕ್ಕೆ ಇಳೀತು. ಸೇರದೇ ಇದ್ದ ಮನೆಗಳಿಗೆ ಹೋಲಿಸಿದ್ರೆ ಸೋಂಕಿಗೆ ಆಸ್ಪತ್ರೆ ಸೇರೋದು ಶೇಕಡಾ 26.7 ಕಡಿಮೆ, ಅದಕ್ಕೆ ಸಂಬಂಧಿಸಿದ ಸಾವು ಶೇಕಡಾ 23.7 ಕಡಿಮೆ. ಇದು 2024ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದದ್ದು.

ಮೊದಲ ಅಂಕಿ ಇನ್ನೊಮ್ಮೆ ನೋಡಿ. ಶುರುವಿನಲ್ಲಿ ನೂರಕ್ಕೆ 64 ಜನ ಹೊತ್ತಿದ್ರು, ಅಮೆರಿಕದಲ್ಲಿ! ಬಾಗಿಲಲ್ಲಿ ನಿಂತು 'ಇಂಥಾ ಇನ್ಫೆಕ್ಷನ್ ಇರೋರನ್ನ ತಗೊಳ್ಳಲ್ಲ' ಅನ್ನೋರು ಅರ್ಥ ಮಾಡ್ಕೊಳ್ಳಬೇಕಾದ್ದು ಇದು. ಪರೀಕ್ಷೆ ಮಾಡಿಸಿ ಗೊತ್ತಾದ ಒಬ್ಬನನ್ನ ಹೊರಗಿಡ್ತೀರಿ, ಪರೀಕ್ಷೆಯೇ ಆಗದ ಹತ್ತು ಜನ ಒಳಗೆ ಮಲಗಿದ್ದಾರೆ.

ಇಲ್ಲಿ ನಮಗೆ ಒಂದು ಹಳೇ ರೋಗ ಅಡ್ಡ ಬರುತ್ತೆ. ಮಡಿ ಅಂದ್ರೆ ಮುಟ್ಟದೇ ಇರೋದು ಅಂತ ನಾವು ಕಲಿತುಬಿಟ್ಟಿದ್ದೀವಿ. ಎಷ್ಟು ತಲೆಮಾರು ಎಷ್ಟು ಜನರನ್ನ ಆ ಹೆಸರಲ್ಲಿ ಹೊರಗೆ ನಿಲ್ಲಿಸಿದ್ದೀವಿ ಅಂತ ಹೇಳಬೇಕಾಗಿಲ್ಲ. ಆದ್ರೆ ಆರೈಕೆ ಅಂದ್ರೇನೇ ಮುಟ್ಟೋದು. ಮುಟ್ಟದೆ ಅಜ್ಜನ ಮಗ್ಗಲು ಬದಲಿಸೋದು ಹೇಗೆ? ಅಮೆರಿಕದ ಸಿಡಿಸಿ ಇದಕ್ಕೆ ಒಂದು ಮಧ್ಯದ ದಾರಿ ಮಾಡಿದೆ. ಬ್ಯಾಕ್ಟೀರಿಯಾ ಹೊತ್ತವರನ್ನ, ಕ್ಯಾಥೆಟರ್ ಅಥವಾ ಹುಣ್ಣು ಇರೋರನ್ನ ಕೋಣೆಯಲ್ಲಿ ಕೂಡಿಹಾಕಬೇಡಿ. ಅವರು ಎಲ್ಲರ ಜೊತೆ ಊಟ ಮಾಡಲಿ, ಹಾಲಿನಲ್ಲಿ ಕೂರಲಿ. ಸ್ನಾನ, ಡೈಪರ್, ಬಟ್ಟೆ ಬದಲಿಸೋದು, ಹುಣ್ಣು ಶುಚಿ ಮಾಡೋದು, ಇಂಥ ಮೈಗೆ ಮೈ ತಾಗೋ ಕೆಲಸಕ್ಕೆ ಮಾತ್ರ ಗೌನು, ಗ್ಲೌಸು ಹಾಕಿ, ಮುಂದಿನವರ ಹತ್ತಿರ ಹೋಗೋ ಮುಂಚೆ ಬದಲಿಸಿ. ಏಪ್ರಿಲ್ 2024ರಿಂದ ಅಲ್ಲಿನ ಸರ್ಕಾರಿ ತಪಾಸಣೆಯಲ್ಲಿ ಇದನ್ನೂ ನೋಡೋಕೆ ಶುರು ಮಾಡಿದ್ರು. ವೃದ್ಧಾಶ್ರಮ ಆಸ್ಪತ್ರೆಯಲ್ಲ, ಅದು ಅವರ ಮನೆ ಅನ್ನೋದನ್ನ ಮರೆಯದೆ ಮಾಡಿದ ನಿಯಮ. ನಮ್ಮಜ್ಜನಿಗೆ ಸಿಕ್ಕದೇ ಹೋದದ್ದು ಇದೇ.

ಈಗ ನನ್ನ ತಪ್ಪಿಗೆ ಬರ್ತೀನಿ. ಕದಡಿದ ಮೂತ್ರ. ಆರೈಕೆ ಮನೆಗಳಲ್ಲಿರೋ ಹೆಂಗಸರಲ್ಲಿ ನೂರಕ್ಕೆ 25ರಿಂದ 50, ಗಂಡಸರಲ್ಲಿ 15ರಿಂದ 40 ಜನರ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುತ್ತೆ. ಕ್ಯಾಥೆಟರ್ ಇದ್ರೆ ದಿನಕ್ಕೆ ಶೇಕಡಾ 3ರಿಂದ 7ರಷ್ಟು ಸಾಧ್ಯತೆ ಸೇರ್ತಾ ಹೋಗುತ್ತೆ, ತಿಂಗಳುಗಟ್ಟಲೆ ಇಟ್ರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತೆ. ಪರೀಕ್ಷೆ ಮಾಡಿಸಿದ್ರೆ ಸಿಗದೇ ಇನ್ನೇನು? ಲಕ್ಷಣ ಇಲ್ಲದೆ ಇದಕ್ಕೆ ಆಂಟಿಬಯಾಟಿಕ್ ಕೊಟ್ಟು ಲಾಭ ಇಲ್ಲ ಅಂತ ಕೆನಡಾದ ಲಿಂಡ್ಸೆ ನಿಕೋಲ್ ಮತ್ತು ಜೊತೆಯವರು 1983ರಲ್ಲೇ ತೋರಿಸಿದ್ರು. ನಾನು ಹುಟ್ಟೋಕೂ ಮುಂಚೆ! 2005ರಲ್ಲಿ ಕೆನಡಾ, ಅಮೆರಿಕದ 24 ಆರೈಕೆ ಮನೆಗಳಲ್ಲಿ ಮಾಡಿದ ಅಧ್ಯಯನದಲ್ಲಿ, ಯಾವ ಲಕ್ಷಣ ಇದ್ರೆ ಮಾತ್ರ ಮೂತ್ರ ಪರೀಕ್ಷೆ, ಯಾವಾಗ ಮಾತ್ರ ಔಷಧಿ ಅಂತ ಒಂದು ಸರಳ ಪಟ್ಟಿ ಕೊಟ್ರು. ಮೂತ್ರದ ಸೋಂಕಿಗೆ ಅಂತ ಕೊಡೋ ಔಷಧಿ ಕಡಿಮೆಯಾಯ್ತು. ಸಾವಿನಲ್ಲಿ, ಆಸ್ಪತ್ರೆ ಸೇರೋದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಆರೈಕೆ ಮನೆಗಳಲ್ಲಿ ಕೊಡೋ ಆಂಟಿಬಯಾಟಿಕ್‌ಗಳಲ್ಲಿ ನೂರಕ್ಕೆ 40ರಿಂದ 75 ಅನಗತ್ಯ ಅಥವಾ ಸರಿಯಿಲ್ಲದ್ದು ಅಂತ ಸಿಡಿಸಿಯೇ ಹೇಳುತ್ತೆ.

ಮೂತ್ರ ಕದಡಿದಾಗ ನಾನು ಕೇಳಬೇಕಾಗಿದ್ದು ಬೇರೆ. ಅಜ್ಜ ಎಷ್ಟು ನೀರು ಕುಡಿದ? ಈ ಕ್ಯಾಥೆಟರ್ ಇನ್ನೂ ಬೇಕಾ? ಚೀಲ ಯಾಕೆ ನೆಲಕ್ಕೆ ತಾಗ್ತಿದೆ? ಜ್ವರ, ನಡುಕ, ಬಿಪಿ ಇಳಿಯೋದು, ಹೊಸದಾಗಿ ಹೊಟ್ಟೆ, ಬೆನ್ನು ನೋವು, ಇದ್ದಕ್ಕಿದ್ದಂತೆ ಅರೆಪ್ರಜ್ಞೆ ಬಂದ್ರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು, ಅದರಲ್ಲಿ ಎರಡು ಮಾತಿಲ್ಲ. ಬಣ್ಣ, ವಾಸನೆ ನೋಡಿ ಫೋನಲ್ಲಿ ಔಷಧಿ ಬರೆಸೋದು ಪ್ರೀತಿ ಅಲ್ಲ ಸ್ವಾಮಿ, ನಮ್ಮ ಪಾಪಪ್ರಜ್ಞೆಗೆ ನಾವು ಕೊಡೋ ಮಾತ್ರೆ. ನುಂಗೋರು ಮಾತ್ರ ಅವರು.

ಇನ್ನು ಆಕ್ಷೇಪಗಳು. ಇವನ್ನೆಲ್ಲ ಗೆಳೆಯರ ಬಾಯಲ್ಲಿ ಆಗಲೇ ಕೇಳಿದ್ದೀನಿ.

'ಹೊಸ ಔಷಧಿ ಬರುತ್ತೆ ಬಿಡೋ.' ಬಂದಿದೆ. ಎನ್‌ಡಿಎಂ ಇರೋ ಬ್ಯಾಕ್ಟೀರಿಯಾ ಮೇಲೂ ಕೆಲಸ ಮಾಡೋ ಅಜ್‌ಟ್ರಿಯೋನಂ-ಅವಿಬ್ಯಾಕ್ಟಂ ಜೋಡಿಗೆ 2024ರಲ್ಲಿ ಯುರೋಪಿನಲ್ಲಿ, 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎನ್‌ಡಿಎಂ ಹೆಸರಿಟ್ಟು ಹದಿನೈದು ವರ್ಷ ಆಗಿತ್ತು. ಆ ನೀಲಿ ಮಗ್ ಇರೋ ತನಕ ಇದರ ಎದುರೂ ಒಂದು ದಿನ 'ಆರ್' ಬರುತ್ತೆ.

'ಕಾನೂನು ಬರಬೇಕು.' ಬರಲಿ, ಬೇಡ ಅಂದವರು ಯಾರು? ಕೆಲವು ಇದ್ದೂ ಇದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ, ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಡಬೇಕಾದ ಔಷಧಿಗಳ ಶೆಡ್ಯೂಲ್ ಎಚ್1 ಪಟ್ಟಿ ಮಾರ್ಚ್ 2014ರಿಂದ ಜಾರಿಗೆ ಬಂತು. ನಿಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಆ ರಿಜಿಸ್ಟರ್ ನೋಡಿದ್ದೀರಾ? ಹಿರಿಯರ ಪೋಷಣೆ, ಕಲ್ಯಾಣದ 2007ರ ಕಾಯ್ದೆ ಜಿಲ್ಲೆಗೊಂದಾದ್ರೂ ವೃದ್ಧಾಶ್ರಮ ಬೇಕು ಅನ್ನೋ ಆಶಯ ಇಟ್ಕೊಂಡಿದೆ. ಆಶ್ರಮ ಕಟ್ಟಿದ್ರೆ ಮುಗೀತಾ? ಅಮೆರಿಕದ ಆರೈಕೆ ಮನೆಗಳಲ್ಲಿ ಆಂಟಿಬಯಾಟಿಕ್ ಬಳಕೆ ಮೇಲೆ ಕಣ್ಣಿಡೋ ವ್ಯವಸ್ಥೆ 2017ರ ನವೆಂಬರಿನಿಂದ, ಸೋಂಕು ತಡೆಗೇ ತರಬೇತಾದ ಒಬ್ಬರು 2019ರ ನವೆಂಬರಿನಿಂದ ಕಡ್ಡಾಯವಾಯ್ತು. ನಮ್ಮ ಒಂದು ಜಿಲ್ಲೆಗೆ ಅಂಥ ಒಬ್ಬರು ಸಿಕ್ಕರೂ ಹಬ್ಬ ಮಾಡಬಹುದು.

'ಖರ್ಚು ಯಾರು ಕೊಡ್ತಾರೆ?' ನಾವು. ಈಗಲೂ ನಾವೇ ಕೊಡ್ತಿರೋದು, ಐಸಿಯು ಬಿಲ್ಲಿನ ರೂಪದಲ್ಲಿ. ಅಜ್ಜನ ಒಂದು ದಿನದ ಇಂಜೆಕ್ಷನ್ನಿನ ಬಿಲ್ಲಿನಲ್ಲಿ ಆ ಹದಿನೆಂಟು ಮಂಚಕ್ಕೂ ತಿಂಗಳಿಗಾಗೋ ಹ್ಯಾಂಡ್‌ರಬ್ ಬರ್ತಿತ್ತು. ರಾತ್ರಿಪಾಳಿಗೆ ಇನ್ನೊಬ್ಬರನ್ನ ಹಾಕಿ, ತಿಂಗಳ ಶುಲ್ಕ ಸ್ವಲ್ಪ ಜಾಸ್ತಿ ಕೊಡ್ತೀವಿ ಅಂತ ಹೇಳೋ ಮಕ್ಕಳು, ಮೊಮ್ಮಕ್ಕಳು ಎಷ್ಟು ಜನ ಇದ್ದೀವಿ? ತೋಟಕ್ಕೆ ದುಡ್ಡು ಕೊಡ್ತೀವಿ, ಯಾಕಂದ್ರೆ ತೋಟ ಫೋಟೋದಲ್ಲಿ ಬರುತ್ತೆ.

'ಅಲ್ಲಿ ಆದದ್ದು ಇಲ್ಲಿ ಆಗುತ್ತಾ?' ಹಾಗೇ ಎತ್ತಿ ತಂದು ನೆಟ್ಟರೆ ಆಗುತ್ತೆ ಅಂತ ನಾನೂ ಹೇಳ್ತಿಲ್ಲ. ಕ್ಲೋರ್‌ಹೆಕ್ಸಿಡಿನ್ ಸ್ನಾನ ಡಾಕ್ಟರು, ನರ್ಸುಗಳ ಕೈಕೆಳಗೆ ಆಗಬೇಕಾದ್ದು. ಕಣ್ಣು, ಕಿವಿಗೆ ಹೋಗಬಾರದು, ಕೆಲವರಿಗೆ ಅಲರ್ಜಿ ಇರುತ್ತೆ. ಇದನ್ನ ಓದಿ ನಾಳೆನೇ ಬಾಟ್ಲಿ ಕೊಂಡು ಅಜ್ಜಿಗೆ ಸುರೀಬೇಡಿ ಮತ್ತೆ! ನಮ್ಮಲ್ಲಿ ಕರುಳಲ್ಲಿ ಕೂರೋ ಬ್ಯಾಕ್ಟೀರಿಯಾಗಳ ಕಾಟ ಹೆಚ್ಚು, ಅವಕ್ಕೆ ಸ್ನಾನಕ್ಕಿಂತ ಕೈ, ಬಚ್ಚಲು, ಮಗ್ ಮುಖ್ಯವಾಗಬಹುದು. ನಮ್ಮದೇ ಆಶ್ರಮಗಳಲ್ಲಿ ನಮ್ಮದೇ ಪ್ರಯೋಗ ನಡೀಬೇಕು. ಆದ್ರೆ ಕೈ ತೊಳೆಯೋಕೆ ಯಾವ ಪ್ರಯೋಗಕ್ಕೂ ಕಾಯಬೇಕಾಗಿಲ್ಲ.

ಅಜ್ಜ ಈಗ ಬೇರೆ ಕಡೆ ಇದ್ದಾನೆ. ಈ ಸಲ ಹುಡುಕೋವಾಗ ತೋಟ ನೋಡಲಿಲ್ಲ. ಕೇಳಿದ್ದು ಇಷ್ಟು, ನೀವೂ ಕೇಳಿ:

1. ಪ್ರತಿ ಮಂಚದ ಕೈಯಳತೆಯಲ್ಲಿ ಹ್ಯಾಂಡ್‌ರಬ್ ಇದೆಯಾ? ಬಾಟ್ಲಿ ಎತ್ತಿ ನೋಡಿ, ಖಾಲಿನಾ ತುಂಬಿದೆಯಾ ಅಂತ.

2. ರಾತ್ರಿ ಎಷ್ಟು ಜನಕ್ಕೆ ಎಷ್ಟು ಜನ?

3. ಮೂತ್ರದ ಚೀಲ ಖಾಲಿ ಮಾಡೋಕೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರೆ ಇದೆಯಾ? ಕ್ಯಾಥೆಟರ್ ಇನ್ನೂ ಬೇಕಾ ಅಂತ ಯಾರು, ಎಷ್ಟು ದಿನಕ್ಕೊಮ್ಮೆ ನೋಡ್ತಾರೆ?

4. ಕಳೆದ ತಿಂಗಳು ಯಾರಿಗೆ, ಯಾವ ಆಂಟಿಬಯಾಟಿಕ್, ಯಾವ ಕಾರಣಕ್ಕೆ, ಎಷ್ಟು ದಿನ ಕೊಟ್ರಿ ಅನ್ನೋದಕ್ಕೆ ಪುಸ್ತಕ ಇದೆಯಾ? (ಹೆಸರು ಬೇಡ, ಪುಸ್ತಕ ಇದೆಯೋ ಇಲ್ವೋ ಅಷ್ಟೇ.)

5. ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸ್ತೀರಾ? ಬಾರದ ಕಾಯಿಲೆಗೆ ಆಂಟಿಬಯಾಟಿಕ್ ಬೇಕಾಗಲ್ಲ.

6. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇದೆ ಅಂತ ಗೊತ್ತಾದವರನ್ನ ಏನು ಮಾಡ್ತೀರಿ?

ಆರು ಕಡೆ ಕೇಳಿದೆ. ಮೂರು ಕಡೆ ನನ್ನನ್ನ ಇನ್ಸ್‌ಪೆಕ್ಟರ್ ಅಂದ್ಕೊಂಡ್ರು. ಎರಡು ಕಡೆ ನಕ್ಕರು. ಒಂದು ಕಡೆ ಮಾತ್ರ ವಯಸ್ಸಾದ ಒಬ್ಬ ನರ್ಸಮ್ಮ "ಇದನ್ನ ಇಷ್ಟು ವರ್ಷದಲ್ಲಿ ಕೇಳಿದವರು ನೀವೇ ಮೊದಲು ಕಣಪ್ಪಾ" ಅಂತ ಹೇಳಿ, ಒಳಗೆ ಕರ್ಕೊಂಡು ಹೋಗಿ ಒಂದು ನೋಟ್‌ಬುಕ್ಕು ತೋರಿಸಿದ್ರು. ರೂಲ್ ಎಳೆದು, ಕೈಬರಹದಲ್ಲಿ, ಯಾರಿಗೆ ಯಾವ ಔಷಧಿ, ಯಾವಾಗ ನಿಲ್ಲಿಸಿದ್ದು ಅಂತೆಲ್ಲ. ಅಲ್ಲಿ ತೋಟ ಇಲ್ಲ, ವೆಬ್‌ಸೈಟೂ ಇಲ್ಲ. ಅಜ್ಜ ಅಲ್ಲಿದ್ದಾನೆ. ಸೇರಿಸಿದ ಎರಡನೇ ವಾರಕ್ಕೇ ಅವರು ಡಾಕ್ಟರನ್ನ ಕೇಳಿ ಕ್ಯಾಥೆಟರ್ ತೆಗೆಸಿದ್ರು.

ಅದಕ್ಕೇ ಗೆಳೆಯರೇ, ಒಂದು ಬೇಡಿಕೆ. ಮುಂದಿನ ಸಲ ವೃದ್ಧಾಶ್ರಮದ ಬಗ್ಗೆ ಬರೀಬೇಕು ಅನ್ನಿಸಿದಾಗ, ಮೊದಲು ಅಲ್ಲಿಗೆ ಹೋಗಿ ಸಿಂಕು ಎಣಿಸಿ ಬನ್ನಿ. ಆಮೇಲೆ ಬೇಕಾದ್ರೆ ಕವನಾನೇ ಬರೀರಿ, ಬೇಡ ಅನ್ನಲ್ಲ. ಅದರಲ್ಲಿ ಆ ನೀಲಿ ಮಗ್ ಇರಲಿ.